ಬಾಯಿ ಬಿಡಿಸುತ್ತಿದ್ದ ಗಿರಿಜಕ್ಕ

ಗಿರಿಜಕ್ಕನ ಎದುರು "ಏನೋ ಆಯ್ತು" ಎಂದು ಹೇಳಿ ಪಾರಾದವರನ್ನು ನಾನು ಕಂಡಿಲ್ಲ. ಗ್ಯಾಸ್ ಸಿಲಿಂಡರ್ ತರುವವನು ಒಮ್ಮೆ "ಏನೋ ಪ್ರಾಬ್ಲಮ್ ಆಗಿ ಲೇಟಾಯ್ತು ಅಮ್ಮ" ಎಂದ. ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಬಾಗಿಲ ಚೌಕಟ್ಟಿಗೆ ಒರಗಿ, ಬೈಯದೆ, ನಿಜವಾದ ಕುತೂಹಲದಿಂದ ಕೇಳಿದರು: "ಏನೋ ಅಂದ್ರೆ ಏನಪ್ಪ? ಗಾಡಿ ಕೆಟ್ಟಿತ್ತಾ, ಲೋಡ್ ಬಂದಿರ್ಲಿಲ್ವಾ, ಇಲ್ಲ ನೀನೇ ಏಳ್ಲಿಲ್ವಾ?" ಅವನು ತಲೆ ಕೆರೆದುಕೊಂಡು, ನನ್ನ ಮುಖ ನೋಡಿ, ಕೊನೆಗೆ ಟೀ ಅಂಗಡಿಯ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಾ ನಿಂತುಬಿಟ್ಟೆ ಎಂದು ಒಪ್ಪಿಕೊಂಡ. "ನೋಡು, ಇದು ಮಾತು. ಯಾರು ಗೆದ್ರು?" ಎಂದು ಕೇಳಿ, ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದರು.

ಅವರು ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ಗಂಡ ಪಶುವೈದ್ಯರು, ವರ್ಗವಾಗಿ ಬಂದಿದ್ದರು. ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಅದರ ಮೇಲೆ ನಮ್ಮ ಅತ್ತೆ ಸಂಡಿಗೆ ಒಣಹಾಕುತ್ತಿದ್ದರು. ಗಂಡಸರು ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋಗಿ ಮನೆ ಒಂದು ಉಸಿರು ಬಿಡುವ ಹೊತ್ತಿಗೆ ಸಂಡಿಗೆಯ ಆ ಕಡೆಯಿಂದ ಕರೆ ಬರುತ್ತಿತ್ತು, "ಲಲಿತಾ, ಕಾಫಿ ಆಯ್ತೇನ್ರೀ?" ಆಗಿದ್ದರೆ ಅವರ ಮನೆಯಲ್ಲಿ ಇನ್ನೊಂದು ಲೋಟ. ಆಗಿಲ್ಲದಿದ್ದರೆ ಅವರ ಮನೆಯಲ್ಲೇ ಮೊದಲನೆಯದು.

ಕೆ.ಆರ್. ನಗರದ ಹತ್ತಿರದ ನಾಲೆ ಬಯಲಿನ ಹಳ್ಳಿಯ ಗೌಡರ ಮನೆ ಮಗಳು ಅವರು. ಭತ್ತದ ಗದ್ದೆ ಬದುವಿನಿಂದ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ಯಂತ್ರಗಳಿಗೂ ಕಂಪ್ಯೂಟರಿಗೂ ನಂಟು ಬೆಸೆಯುವ ಪ್ರೋಗ್ರಾಮು ಬರೆದಿದ್ದರು. ಗಂಡನ ವರ್ಗಾವಣೆಯ ಹಿಂದೆ ಊರೂರು ತಿರುಗತೊಡಗಿದ ಮೇಲೆ ನೌಕರಿ ಬಿಟ್ಟುಹೋಗಿತ್ತು. ಚಟ ಬಿಟ್ಟಿರಲಿಲ್ಲ. ಅವರ ಊಟದ ಮೇಜಿನ ಅರ್ಧ ಭಾಗ ಊಟಕ್ಕೆ, ಇನ್ನರ್ಧ ಕಂಪ್ಯೂಟರಿಗೆ. ಮಾನಿಟರಿನ ಮೇಲೆ ಮಗುವಿನ ಹಳೆಯ ಕೌದಿ ಹೊದಿಸಿರುತ್ತಿದ್ದರು. ತುರುಬಿನಲ್ಲಿ ಪೆನ್ಸಿಲು, ಮಾಂಗಲ್ಯದ ಸರದಲ್ಲಿ ಎರಡು ಪಿನ್ನು, ಬಲಗೈಯ ಹೆಬ್ಬೆರಳಿನಲ್ಲಿ ಅರಿಶಿನದ ಕಲೆ. ಕೀಬೋರ್ಡಿನ ಉದ್ದನೆಯ ಕೀಲಿಯ ನಡುವೆಯೂ ಅದೇ ಅರಿಶಿನ, ಬೊಟ್ಟಿನಷ್ಟು.

ನನಗೆ ಕಂಪ್ಯೂಟರೆಂದರೆ ಭಯವಿರಲಿಲ್ಲ, ಆದರೆ ಅದರಿಂದ ನನಗೇನೂ ಆಗಬೇಕಾಗಿಯೂ ಇರಲಿಲ್ಲ. ಅವರ ಪಕ್ಕ ಕೂತು ತರಕಾರಿ ಹೆಚ್ಚುವುದು, ಅವರ ಮಾತು ಕೇಳುವುದು ಇಷ್ಟವಾಗಿತ್ತು, ಅಷ್ಟೆ.

ಅವರ ಸ್ವಭಾವ ಚೆನ್ನಾಗಿ ಅರ್ಥವಾದದ್ದು ಅತ್ತೆಯ ವಿಷಯದಲ್ಲಿ. ನಮ್ಮತ್ತೆ ದಿನಕ್ಕೊಂದು ಸಲ "ಯಾಕೋ ಮೈಯೇ ಸರಿಯಿಲ್ಲ ಕಣೆ" ಎನ್ನುತ್ತಿದ್ದರು. ಮೊದಮೊದಲು ಎಲ್ಲರೂ ಓಡಿಬರುತ್ತಿದ್ದೆವು. ಎಷ್ಟು ಸಲ ಓಡುವುದು? ಆಮೇಲಾಮೇಲೆ ಅದು ಗಡಿಯಾರದ ಸದ್ದಿನಂತೆ ಕಿವಿಗೆ ಬಿದ್ದರೂ ಕೇಳಿಸದಂತಾಗಿತ್ತು. ಒಂದು ದಿನ ಗಿರಿಜಕ್ಕ ಅತ್ತೆಯ ಮಂಚದ ಮೇಲೆ ಕಾಲು ಮಡಿಸಿ ಕೂತು ವಿಚಾರಣೆ ಶುರುಮಾಡಿದರು. ಎಲ್ಲಿ ಸರಿಯಿಲ್ಲ? ತಲೆಯಲ್ಲೋ ಕಾಲಲ್ಲೋ? ಏಳುವಾಗಲೋ, ಎದ್ದ ಮೇಲೋ? ಏನು ಮಾಡಿ ಎದ್ದಾಗ? ಅತ್ತೆಗೆ ಮೊದಲು ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ಅವರನ್ನು ಅಷ್ಟು ಶ್ರದ್ಧೆಯಿಂದ ಯಾರೂ ಕೇಳಿಯೇ ಇರಲಿಲ್ಲ. ಕೊನೆಗೆ ತಿಳಿದದ್ದಿಷ್ಟು: ದೇವರ ಮುಂದಿನ ಗಿಡ್ಡ ಮಣೆಯಿಂದ ಏಳುವಾಗ ಮಾತ್ರ ಕಣ್ಣು ಕತ್ತಲೆ ಬರುತ್ತದೆ, ಅದೂ ಬೆಳಗಿನ ಬಿ.ಪಿ. ಮಾತ್ರೆ ನುಂಗಿದ ಮೇಲೆ. ಅತ್ತೆಯನ್ನು ನೋಡುತ್ತಿದ್ದ ಡಾಕ್ಟರಿಗೆ ಈ ಮಾತು ಹೇಳಿದ್ದೇ, ಅವರು ಮಾತ್ರೆಯ ಹೊತ್ತು ಬದಲಾಯಿಸಿದರು. ಅತ್ತೆಯ ಕಣ್ಣುಕತ್ತಲೆ ನಿಂತಿತು.

"ಸರಿಯಿಲ್ಲ ಅನ್ನೋದು ಸುದ್ದಿ ಅಲ್ಲ ಕಣ್ರೀ," ಎಂದರು ಗಿರಿಜಕ್ಕ ನನಗೆ, ಗೋಡೆಯ ಹತ್ತಿರ. "ಏನು, ಎಲ್ಲಿ, ಯಾವಾಗ, ಈ ಮೂರು ಹೇಳುದ್ರೆ ಅದು ಸುದ್ದಿ. ಮೊದ್ಲು ಬಾಯಿ ಬಿಡಿಸ್ಬೇಕು. ಔಷಧಿ ಆಮೇಲೆ."

ಹನಗೋಡು ರಸ್ತೆಯ ಒಂದು ಹಳ್ಳಿಯ ಹಾಲಿನ ಸಂಘದ ಕಂಪ್ಯೂಟರಿನ ತಕರಾರು ಅವರ ಊಟದ ಮೇಜಿಗೆ ಬಂದದ್ದು ಗಂಡನ ಮೂಲಕ. ಡಾಕ್ಟರು ಆ ಹಳ್ಳಿಗೆ ಹಸುಗಳನ್ನು ನೋಡಲು ಹೋಗುತ್ತಿದ್ದರು. ಹೆಂಗಸರೇ ನಡೆಸುತ್ತಿದ್ದ ಸಂಘ ಅದು. ಕಾರ್ಯದರ್ಶಿ ಚಂದ್ರಮ್ಮ, ಎಸ್ಸೆಸ್ಸೆಲ್ಸಿವರೆಗೆ ಓದಿದ, ಮೂವತ್ತರ ಆಸುಪಾಸಿನ ಹೆಂಗಸು. ಊರಿನಲ್ಲಿ ಕಂಪ್ಯೂಟರಿಗೆ ಕೈಯಿಟ್ಟ ಮೊದಲನೆಯವಳು. ಹಾಲು ತೂಗುವ ತಕ್ಕಡಿಯೂ, ಹಾಲಿನ ಕೊಬ್ಬು ಅಳೆಯುವ ಯಂತ್ರವೂ ಎರಡು ತಂತಿಗಳಿಂದ ಕಂಪ್ಯೂಟರಿಗೆ ಸೇರಿದ್ದವು. ಹಾಲು ಸುರಿದರೆ ತೂಕ, ಕೊಬ್ಬು, ಹಣದ ಲೆಕ್ಕದ ಚೀಟಿ ತಾನೇ ಬರುತ್ತಿತ್ತು.

ತೊಂದರೆ ಎದ್ದದ್ದು ದೇವೀರಮ್ಮನಿಂದ. ದೇವೀರಮ್ಮನ ಮನೆಯಲ್ಲಿ ಒಂದು ಮುರ್ರಾ ಎಮ್ಮೆ ಇತ್ತು. ಅದರ ಹಾಲು ಬೆರಳಿಗೆ ಅಂಟುವಷ್ಟು ಗಟ್ಟಿ. ಆದರೂ ಕೆಲವು ದಿನ ಅವಳ ಚೀಟಿಯಲ್ಲಿ ಹಸುವಿನ ತೆಳ್ಳನೆಯ ಹಾಲಿನ ಅಂಕಿ ಬರುತ್ತಿತ್ತು. ಡಾಕ್ಟರು ಅವಳ ಮಾತನ್ನು ಹಾಗೇ ಒಪ್ಪಿಸಿದರು: "ನನ್ ಎಮ್ಮೆ ಒಂದಿನ ಎಮ್ಮೆ, ಒಂದಿನ ಅಸ. ಇದೆಂಗಾದದು ಸ್ವಾಮಿ? ಎಮ್ಮೆ ಬದ್ಲಾಗ್ನಿಲ್ಲ ಅಂದ್ರೆ ಅಳೆಯೋ ಕೈ ಬದ್ಲಾಗದೆ." ಚಂದ್ರಮ್ಮ ತನಗೆ ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಡಿಮೆ ಹಾಕುತ್ತಾಳೆಂದು ಊರೆಲ್ಲ ಮಾತಾಯಿತು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರದ ಸಭೆಯಲ್ಲಿ ಅವಳನ್ನು ಇಳಿಸುವುದೆಂದು ಗೊತ್ತಾಗಿತ್ತು.

ಚಂದ್ರಮ್ಮ ಡಾಕ್ಟರ ಜೊತೆ ಒಂದು ಮಧ್ಯಾಹ್ನ ಗಿರಿಜಕ್ಕನ ಮನೆಗೆ ಬಂದಳು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಳು, ಕುಡಿಯಲಿಲ್ಲ. "ಕೆಲ್ಸ ಓದ್ರೆ ಓಗ್ಲಿ ಅಕ್ಕ, ಕೂಲಿ ಮಾಡ್ಕತೀನಿ. ಕಳ್ಳಿ ಅನ್ನುಸ್ಕಂಡು ಆ ಬೀದೀಲೆಂಗಕ್ಕ ನಡೀಲಿ?" ಎಂದಳು. ಗಿರಿಜಕ್ಕ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. "ಯಂತ್ರ ಏನಾದ್ರೂ ಹೇಳುತ್ತಾ, ಆ ಅಂಕಿ ತಪ್ಪು ಬಂದ ದಿವ್ಸ?" ಎಂದು ಕೇಳಿದರು. ಚಂದ್ರಮ್ಮ ನೆನೆಸಿಕೊಂಡು, ಪರದೆಯ ಮೂಲೆಯಲ್ಲಿ ಎರರ್ ಅಂತ ಒಂದು ಸಾಲು ಬರುತ್ತದೆ, ಹೋಗುತ್ತದೆ ಎಂದಳು. ದಿನಾಲೂ ಯಾವುದೋ ಒಂದಕ್ಕೆ ಬರುತ್ತದೆ, ಅದಕ್ಕೇ ಈಗ ಯಾರೂ ನೋಡುವುದಿಲ್ಲ.

ಗಿರಿಜಕ್ಕ ನನ್ನ ಕಡೆ ತಿರುಗಿ, "ನಿಮ್ಮತ್ತೆ ಥರಾನೇ ಕಣ್ರೀ," ಎಂದರು.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್. ಅದರ ಒಳಮನೆಗೆ ಕರ್ನಲ್ ಎನ್ನುತ್ತಾರೆ. ಹೊರಗಿನ ಒಂದೊಂದು ಯಂತ್ರದ ಜೊತೆ ಮಾತಾಡಲು ಅಲ್ಲಿ ಒಬ್ಬೊಬ್ಬ ಡ್ರೈವರ್ ಇರುತ್ತಾನೆ. ಇದನ್ನು ನನಗೆ ಅವರು ಹೇಳಿಕೊಟ್ಟದ್ದು ಸ್ವೆಟರ್ ಅಂಗಡಿಯ ಲೆಕ್ಕದಲ್ಲಿ. ನಮ್ಮ ಪೇಟೆಗೆ ಟಿಬೆಟಿನ ಕ್ಯಾಂಪಿನಿಂದ ಸ್ವೆಟರ್ ಮಾರಲು ಬರುವ ಅಜ್ಜಿಗೆ ಕನ್ನಡ ಬರದು, ಅಂಗಡಿಯವನಿಗೆ ಅವಳ ಭಾಷೆ ಬರದು. ನಡುವೆ ಎರಡೂ ಬಲ್ಲ ಒಬ್ಬ ನಿಂತಿರುತ್ತಾನಲ್ಲ, ಅವನೇ ಡ್ರೈವರ್. "ಅಜ್ಜಿ ಒಂದು ತಾಸು ಮಾತಾಡುದ್ಲು ಅನ್ಕಳಿ. ಅವನು ಅಂಗಡಿಯವನ ಕಡೆ ತಿರುಗಿ 'ಏನೋ ಅಂದ್ಲು' ಅಂದ್ರೆ ವ್ಯಾಪಾರ ಆಯ್ತದಾ? ಇಲ್ಲಾಗಿರೋದು ಅದೇ."

ಆ ಡ್ರೈವರನ್ನು ಯಾರೋ ಅವಸರದಲ್ಲಿ ಬರೆದು ಕೊಟ್ಟು ಹೋಗಿದ್ದರು. ಅದರ ಪ್ರತಿಯನ್ನು ಡಾಕ್ಟರು ಫ್ಲಾಪಿಯಲ್ಲಿ ಮನೆಗೆ ತಂದುಕೊಟ್ಟರು. ಯಂತ್ರ ಕೆಟ್ಟಾಗ ಒಳಗೇನು ನಡೆಯಿತೆಂದು ತಿಳಿಸಲು ನಡುನಡುವೆ ಸಾಲುಗಳನ್ನು ಮುದ್ರಿಸುವಂತೆ ಮಾಡಿರುತ್ತಾರಂತೆ, ಡೀಬಗ್ ಸಾಲುಗಳು. ಅವು ಏನೆಂದು ಗಿರಿಜಕ್ಕ ಓದಿ ಹೇಳಿದಾಗ ನಾನು ಹೆಚ್ಚುತ್ತಿದ್ದ ಬೀನ್ಸ್ ಬಿಟ್ಟು ನಕ್ಕೆ. ಒಂದು ಕಡೆ "ಇಲ್ಲಿಗೆ ಬಂದೆ" ಎಂದಿತ್ತು. ಇನ್ನೊಂದು ಕಡೆ "ಇಲ್ಲಿಗೂ ಬಂದೆ". ಮತ್ತೊಂದು ಕಡೆ ಬರೀ ಹಾಯ್. ಎಡವಟ್ಟು ಯಾವುದೇ ಆಗಲಿ, ತಂತಿ ಕಳಚಲಿ, ತಕ್ಕಡಿ ನಿದ್ದೆ ಹೋಗಲಿ, ಎಲ್ಲಕ್ಕೂ ಒಂದೇ ಎರರ್.

"ಇದರ ಕೆಲ್ಸಕ್ಕೆ ನಾನೀಗ ಕೈ ಹಾಕಲ್ಲ. ಬರೀ ಬಾಯಿ ಬಿಡಿಸ್ತೀನಿ," ಎಂದು ಅವರು ಪೆನ್ಸಿಲನ್ನು ತುರುಬಿನಿಂದ ಎಳೆದರು.

ಅದು ಅವರೆಕಾಯಿಯ ಕಾಲ. ಒಂದು ಸಣ್ಣ ಬದಲಾವಣೆ ಮಾಡಿದರೂ ಕರ್ನಲನ್ನು ಪೂರ್ತಿ ಮತ್ತೆ ಕಟ್ಟಿಸಬೇಕೆಂದು ಅವರು ಹಟ ಹಿಡಿಯುತ್ತಿದ್ದರು, ಯಾವುದೂ ಅರೆಬರೆ ಇರಬಾರದೆಂದು. ಆ ಹಳೆಯ ಕಂಪ್ಯೂಟರು ಗುಂಯ್ ಎನ್ನುತ್ತಾ ಕಟ್ಟಿ ಮುಗಿಸುವುದರೊಳಗೆ ನಾವಿಬ್ಬರೂ ನೆನೆಸಿದ ಅವರೆಯನ್ನು ಹಿದುಕಿ ಪಾತ್ರೆ ತುಂಬಿಸುತ್ತಿದ್ದೆವು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು. ಆ ಚಳಿಗಾಲ ನಮ್ಮೆರಡು ಮನೆಯಲ್ಲೂ ಹಿದುಕಿದ ಬೇಳೆಯ ಸಾರು ಮುಗಿಯಲೇ ಇಲ್ಲ. ಮಕ್ಕಳು ಬಟ್ಟಲು ನೋಡಿಯೇ, "ಇವತ್ತೂ ಕರ್ನಲ್ ಕಟ್ಟಿದ್ರಾ ಅಮ್ಮ?" ಎನ್ನುತ್ತಿದ್ದರು.

ಆ ಸಾಲುಗಳೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿ ನನಗೂ ಒಂದು ಕೆಲಸ ಬಂತು. ಯಂತ್ರದ ಕೈಪಿಡಿಯಲ್ಲಿ ಒಂದೊಂದು ದೋಷಕ್ಕೂ ಒಂದು ಸಂಖ್ಯೆ, ಪಕ್ಕದಲ್ಲಿ ನಾಲಗೆ ತಿರುಗದ ವಿವರಣೆ. ಒಂದು ಕಡೆ "ರೆಸಿಡ್ಯುಯಲ್ ಫ್ಲೂಯಿಡ್ ಡಿಟೆಕ್ಟೆಡ್ ಇನ್ ಸ್ಯಾಂಪಲ್ ಚೇಂಬರ್" ಎಂದಿತ್ತು. ಗಿರಿಜಕ್ಕ ಅದನ್ನು ಹಾಗೇ ಇಳಿಸಿಕೊಳ್ಳುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಒಂದು ಪುಟವನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಕಲಿಸಿದ್ದರು. ಒಂದು ಪದ ಹೆಚ್ಚಾದರೂ ಕೆಂಪು ಗೆರೆ. ಆ ಅಭ್ಯಾಸ ಎಲ್ಲಿ ಅಡಗಿತ್ತೋ. "ಅದಕ್ಕೆ ಕಪ್ ನಾಟ್ ಎಂಪ್ಟಿ ಅಂದರೆ ಸಾಲದಾ ಗಿರಿಜಕ್ಕ?" ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. "ಇಷ್ಟು ದಿವ್ಸ ಸುಮ್ನೆ ಬೀನ್ಸ್ ಹೆಚ್ಚಿಸ್ದೆ ನಿಮ್ ಕೈಲಿ," ಎಂದು ಕುರ್ಚಿಯನ್ನು ನನಗೆ ಜಾಗವಾಗುವಂತೆ ಸರಿಸಿದರು.

ಅಂದಿನಿಂದ ಮಾತು ಕತ್ತರಿಸುವುದು ನನ್ನ ಪಾಲು. ಪ್ರತಿ ಸಾಲಿನ ಮೊದಲಿಗೆ ತಕ್ಕಡಿಯೋ ಕೊಬ್ಬಿನ ಯಂತ್ರವೋ ಎಂಬ ಹೆಸರು ಬರಬೇಕು. ಆಮೇಲೆ ತಾರೀಖು, ಹೊತ್ತು. ಆಮೇಲೆ ಏನು ಬರಬೇಕಾಗಿತ್ತು, ಏನು ಬಂತು. ತಂತಿ ಕಳಚಿದ್ದಕ್ಕೆ ಒಂದು ಮಾತು, ಉತ್ತರ ತಡವಾದದ್ದಕ್ಕೆ ಬೇರೆ ಮಾತು. "ಇಲ್ಲಿಗೆ ಬಂದೆ" ಎಂಬುದನ್ನು ನಾನೇ ಒಂದು ಸಂಜೆ ತೆಗೆದುಹಾಕಿಸಿದೆ. ಹಾಯ್ ಮಾತ್ರ ಇರಲಿ ಎಂದೆ. ಗಿರಿಜಕ್ಕ ಬಿಡಲಿಲ್ಲ.

ಅವರ ಕೈ ತಪ್ಪೇ ಮಾಡದ ಕೈಯೇನಲ್ಲ. ಮೊದಲ ಸಲ ಹೊಸ ಡ್ರೈವರನ್ನು ಸಂಘದ ಕಂಪ್ಯೂಟರಿಗೆ ಹಾಕಿ ಬಂದ ಮಾರನೆಯ ದಿನ ಬೆಳಿಗ್ಗೆ ಹಾಲಿನ ಸಾಲು ಕದಲಲೇ ಇಲ್ಲವಂತೆ. ಅದು ಒಂದೊಂದು ತೊಟ್ಟಿಗೂ ಪರದೆಯ ತುಂಬ ವರದಿ ಒಪ್ಪಿಸುತ್ತಾ, ಆ ಬರೆಯುವುದರಲ್ಲೇ ಮುಳುಗಿ, ಯಂತ್ರ ಕಳಿಸಿದ ಅಂಕಿಯನ್ನೇ ಕೈಬಿಡುತ್ತಿತ್ತು. ಹೆಂಗಸರು ಕ್ಯಾನುಗಳ ಮೇಲೆ ಕೂತು ಚಂದ್ರಮ್ಮನಿಗೆ ಇನ್ನೂ ನಾಲ್ಕು ಮಾತು ಸೇರಿಸಿ ಬೈದರು. ಸುದ್ದಿ ತಂದ ಡಾಕ್ಟರ ಮುಖವೂ ಚಿಕ್ಕದಾಗಿತ್ತು. ಗಿರಿಜಕ್ಕ ಹಣೆಗೆ ಕೈ ಹಚ್ಚಿ ಕೂತವರು, ಸ್ವಲ್ಪ ಹೊತ್ತಿನ ಮೇಲೆ ತಾವೇ ನಗತೊಡಗಿದರು. "ಮೂಗನ್ನ ಮಾತಾಡಿಸಾಕೋಗಿ ವಾಚಾಳಿ ಮಾಡ್ಬುಟ್ಟೆ. ಒಲೆ ಮೇಲಿರೋ ಹಾಲು ಬುಟ್ಟು ಬೀದಿ ಬಾಗಿಲಲ್ಲಿ ಮಾತಾಡ್ತಾ ನಿಂತಂಗಾಯ್ತು."

ಮತ್ತೆ ಅವರೆ, ಮತ್ತೆ ಗುಂಯ್. ಈ ಸಲ ಮಾತನ್ನೆಲ್ಲ ಒಳಗೇ ಕೂಡಿಟ್ಟುಕೊಂಡು, ಸಾಲು ಮುಗಿದ ಮೇಲೆ ಬಿಡುವಿನಲ್ಲಿ ಬರೆದಿಡುವಂತೆ ಮಾಡಿದರು. ಒಂದೇ ಮಾತು ಮತ್ತೆ ಮತ್ತೆ ಬಂದರೆ ಅದನ್ನು ಒಮ್ಮೆ ಹೇಳಿ, ಇಷ್ಟು ಸಲ ಎಂದರೆ ಸಾಕು. ಚಿಕ್ಕಪುಟ್ಟ ವರದಿ ಬೇಕಾದವರು ಕೇಳಿದರೆ ಮಾತ್ರ, ಇಲ್ಲದಿದ್ದರೆ ಮೌನ. ಅವರು ಇದನ್ನು ವಿವರಿಸುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿ, ಇಂಥ ಸೊಸೆ ಎಲ್ಲರಿಗೂ ಸಿಗಲಿ ಎಂದು ಹೇಳಿ ಒಳಗೆ ಹೋದರು. ನಾನು ಕೇಳಿಸದವಳಂತೆ ಇದ್ದೆ.

ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮಾರನೆಯ ದಿನ ಡಾಕ್ಟರು ಒಂದು ಫ್ಲಾಪಿ ತಂದರು. ಹಲವು ದಿನಗಳ ಸಾಲುಗಳು ಅದರಲ್ಲಿದ್ದವು. ಭಾನುವಾರದ ಸಭೆ ಹತ್ತಿರವಾಗಿತ್ತು. ನಾವಿಬ್ಬರೂ ತಲೆಗೆ ತಲೆ ಕೊಟ್ಟು ಓದಿದೆವು. ತಕ್ಕಡಿಯ ಉತ್ತರ ದಿನಾಲೂ ಒಂದೆರಡು ಸಲ ತಡವಾಗಿತ್ತು, ಆದರೆ ತೂಕ ಕೆಟ್ಟಿರಲಿಲ್ಲ. ತಕ್ಕಡಿ ಸರಿ, ತಂತಿ ಸರಿ. ನಡುವೆ ಬೇರೆ ಒಂದೇ ಒಂದು ಮಾತು ಮಾತ್ರ ಅಲ್ಲಲ್ಲಿ ತಲೆಯೆತ್ತಿತ್ತು, ನಾನೇ ಕತ್ತರಿಸಿ ಕೊಟ್ಟ ಮಾತು: ಕಪ್ ನಾಟ್ ಎಂಪ್ಟಿ. ಕಪ್ಪು ಬರಿದಾಗಿಲ್ಲ. ಅದರ ಕೆಳಗೆ: ಹಿಂದಿನ ಅಂಕಿಯನ್ನೇ ಕೊಡಲಾಗಿದೆ. ಪ್ರತಿ ಸಲವೂ ಬೆಳಗಿನ ಎರಡನೆಯ ಹಾಲಿಗೆ.

ಕೊಬ್ಬು ಅಳೆಯುವ ಕಪ್ಪಿನಲ್ಲಿ ಹಿಂದಿನವರ ಹಾಲು ಉಳಿದಿದ್ದರೆ ಯಂತ್ರ ಅಳೆಯಲಾರೆ ಎಂದು ಹೇಳುತ್ತದೆ. ಹಳೆಯ ಡ್ರೈವರ್ ಅದನ್ನು ಬರೀ ಎರರ್ ಎಂದು ಗೊಣಗಿ, ಕೈಯಲ್ಲಿದ್ದ ಮೊದಲನೆಯವರ ಅಂಕಿಯನ್ನೇ ಎರಡನೆಯವರಿಗೂ ಅಂಟಿಸುತ್ತಿತ್ತು. ಸಾಲಿನಲ್ಲಿ ದಿನಾಲೂ ಮೊದಲು ಬರುವವಳು ಸಂಘದ ಎದುರುಮನೆಯ ಅಜ್ಜಿ, ಅವಳದು ಸೀಮೆಹಸು. ಎರಡನೆಯವಳು ಸಾಮಾನ್ಯವಾಗಿ ದೇವೀರಮ್ಮ. ಎಮ್ಮೆ ಹಸುವಾಗುತ್ತಿದ್ದದ್ದು ಹೀಗೆ.

ಆದರೆ ಎಲ್ಲ ದಿನವೂ ಏಕಲ್ಲ? ನಾನು ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ತಾರೀಖು ಹಿಡಿದು ನೋಡಿದೆ. ಮಂಗಳವಾರ, ಶುಕ್ರವಾರ. ಮತ್ತೆ ಮಂಗಳವಾರ. ಬೇರೆ ವಾರವೇ ಇಲ್ಲ. ಇಷ್ಟು ದಿನ ಊರಿನವರೆಲ್ಲ ಚಂದ್ರಮ್ಮನ ಮುಖ ನೋಡಿದ್ದರೇ ಹೊರತು ವಾರ ನೋಡಿದವರಿಲ್ಲ.

"ಏನು, ಎಲ್ಲಿ, ಯಾವಾಗ, ಮೂರೂ ಸಿಕ್ತು," ಎಂದರು ಗಿರಿಜಕ್ಕ. "ಯಾಕೆ ಅನ್ನೋದು ಯಂತ್ರಕ್ಕೆ ಗೊತ್ತಾಗಲ್ಲ. ಅದನ್ನ ನಾವೇ ಹೋಗಿ ನೋಡ್ಬೇಕು. ನಾಳೆ ಶುಕ್ರವಾರ, ಬತ್ತೀರಾ?"

ಬೆಳಿಗ್ಗೆ ಡಾಕ್ಟರ ಜೀಪಿನಲ್ಲಿ ಹೊರಟಾಗ ಲಕ್ಷ್ಮಣತೀರ್ಥ ಹೊಳೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸಂಘದ ಬಾಗಿಲಿಗೆ ರಂಗೋಲಿ, ಕಂಪ್ಯೂಟರಿಗೆ ಕುಂಕುಮದ ಬೊಟ್ಟು, ಕೊಬ್ಬಿನ ಯಂತ್ರದ ಮೇಲೆ ಒಂದು ದಾಸವಾಳ. ಅಜ್ಜಿ ಮೊದಲು ಬಂದಳು, ಹಿಂದೆಯೇ ದೇವೀರಮ್ಮ. ದೇವೀರಮ್ಮ ನಮ್ಮನ್ನು ನೋಡಿ ಸೆರಗು ಬಿಗಿದುಕೊಂಡು, "ಪ್ಯಾಟೆಯಿಂದ ಸಾಕ್ಸಿ ಕರ್ಕಬಂದವ್ಳೆ," ಎಂದು ಯಾರಿಗೂ ಅಲ್ಲದಂತೆ ಅಂದಳು.

ಚಂದ್ರಮ್ಮ ಅಜ್ಜಿಯ ಹಾಲಿನ ಮಾದರಿಯನ್ನು ಯಂತ್ರದ ಗಾಜಿನ ಕಪ್ಪಿಗೆ ಹುಯ್ದಳು. ಅಂಕಿ ಬಂತು. ಕಪ್ಪಿನ ತಳದ ನಲ್ಲಿ ತಿರುಗಿಸಿದಳು. ಹಾಲು ಇಳಿಯಿತು. ತಳದಲ್ಲಿ ಒಂದು ಗುಟುಕು ಇರುವಾಗಲೇ ನಲ್ಲಿ ನಿಲ್ಲಿಸಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಎಷ್ಟು ಸಹಜವಾಗಿ ಮಾಡಿದಳೆಂದರೆ, ನೋಡಲೆಂದೇ ಹೋಗಿದ್ದ ನಾನೂ ಇನ್ನೇನು ಅದನ್ನು ಗಮನಿಸದೆ ಬಿಟ್ಟುಬಿಡುತ್ತಿದ್ದೆ.

ಗಿರಿಜಕ್ಕ ಮೆಲ್ಲಗೆ ಅವಳ ಮಣಿಕಟ್ಟು ಹಿಡಿದರು. "ಚಂದ್ರಮ್ಮ, ಅದ್ಯಾಕೆ ಉಳಿಸ್ದೆ?"

ಚಂದ್ರಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಸುಕ್ರವಾರ ಅಲ್ವಾ ಅಕ್ಕ? ಬೋಣಿ ಆಲು ಬರ್ದು ಮಾಡ್ಬಾರ್ದು. ಆಲಿನ್ ಮೇಲೆ ಆಲು ಬಿದ್ರೆ ಅಟ್ಟಿ ತುಂಬ್ತದೆ ಅಂತ ನಮ್ಮತ್ತೆ ಏಳ್ಕೊಟ್ಟವ್ರೆ. ಎಲ್ಡನೇದು ಬಿದ್ಮೇಲೆ ತೊಳ್ದುಬುಡ್ತೀನಿ."

ಅದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮತ್ತೆಯೂ ಮಂಗಳವಾರ, ಶುಕ್ರವಾರ ಹಾಲಿನ ಪಾತ್ರೆ ತೊಳೆಯಲು ಹಾಕುವ ಮುಂಚೆ ಒಂದು ಗುಟುಕು ಬೇರೆ ಲೋಟಕ್ಕೆ ಬಗ್ಗಿಸಿಡುತ್ತಿದ್ದರು. ಕ್ಯಾಲೆಂಡರು ಕಿತ್ತ ಮೊಳೆಯ ಕೆಳಗೇ ಆ ಲೋಟ ಇರುತ್ತಿತ್ತು. ಊರಿನ ಹಸು ಎಮ್ಮೆಯೆಲ್ಲ ಹೆಚ್ಚಲಿ ಎಂದು ಚಂದ್ರಮ್ಮ ವಾರಕ್ಕೆರಡು ಸಲ ದೇವರಿಗೆ ಉಳಿಸಿಟ್ಟ ಗುಟುಕೇ ಅವಳನ್ನು ಕಳ್ಳಿ ಮಾಡಿತ್ತು.

ಗಿರಿಜಕ್ಕ ಭಾಷಣ ಮಾಡಲಿಲ್ಲ. ಚಂದ್ರಮ್ಮನ ಕೈಯಲ್ಲೇ ಕಪ್ಪು ಬರಿದು ಮಾಡಿಸಿ, ತೊಳೆಸಿ, ದೇವೀರಮ್ಮನ ಹಾಲನ್ನು ಅವಳ ಕೈಯಿಂದಲೇ ಹುಯ್ಯಿಸಿದರು. ಎಮ್ಮೆಯ ಹಾಲು ಎಮ್ಮೆಯ ಹಾಲಿನಂತೆಯೇ ಬಂತು. ಆಮೇಲೆ ಪರದೆಯ ಮೇಲಿನ ಹಳೆಯ ಸಾಲುಗಳನ್ನು ತೋರಿಸಿ ಒಂದೊಂದಾಗಿ ಓದಿದರು, ವಾರ ಸಮೇತ. ದೇವೀರಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೆ ವಾರಗಳು ಬಾಯಲ್ಲಿ ಬರುತ್ತಿದ್ದಂತೆ ಅವಳ ಮುಖ ಬದಲಾದದ್ದನ್ನು ನಾನು ನೋಡಿದೆ. ಖಾಲಿ ಕ್ಯಾನನ್ನು ಎತ್ತಿಕೊಂಡು ಹೊರಟುಹೋದಳು. ಚಂದ್ರಮ್ಮ ನಿಂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಗಿರಿಜಕ್ಕ ಕನ್ನಡಕ ತೆಗೆದು ಒರೆಸಿದರು.

ಸಾಲು ಇನ್ನೂ ಅರ್ಧ ಇರುವಾಗ ದೇವೀರಮ್ಮ ತಿರುಗಿ ಬಂದಳು. ಕೈಯಲ್ಲಿ ಹುಣಸೆಹಣ್ಣು ಹಾಕಿ ಬೆಳಗಿದ ಒಂದು ಹಿತ್ತಾಳೆ ಬಟ್ಟಲು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಯಂತ್ರದ ಪಕ್ಕಕ್ಕೆ ಕುಕ್ಕಿದಳು. "ಯಂತ್ರುಕ್ಕೆ ಬರ್ದಾಗಿದ್ದೇ ಬೇಕು, ಲಕ್ಸ್ಮಿಗೆ ತುಂಬಿರದೇ ಬೇಕು. ಇಬ್ರಿಗೂ ಒಂದೊಂದು ಮಡಗು. ನಿನ್ ಸುಕ್ರವಾರ ಇದ್ರೊಳಗ್ ಮಾಡ್ಕ." ಬಟ್ಟಲನ್ನೇ ನೋಡುತ್ತಾ, "ಬಾನುವಾರ ನಾನೇ ಏಳ್ತೀನಿ ಬುಡು," ಎಂದಳು.

ಹೇಳಿದಳಂತೆ. ಇಳಿಸುವ ಮಾತೆತ್ತಿದ ಬಾಯಿಯಿಂದಲೇ ಇಳಿಸಬಾರದೆಂಬ ಮಾತು ಬಂದ ಮೇಲೆ ಸಭೆಯಲ್ಲಿ ಬೇರೆಯವರಿಗೆ ಹೇಳಲು ಏನೂ ಉಳಿಯಲಿಲ್ಲ. ಚಂದ್ರಮ್ಮ ಕಾರ್ಯದರ್ಶಿಯಾಗಿಯೇ ಉಳಿದಳು.

ಆಮೇಲೆ ಗಿರಿಜಕ್ಕ ಡ್ರೈವರಿನ ಕೆಲಸಕ್ಕೂ ಕೈ ಹಾಕಿದರು. ಕಪ್ಪಿನಲ್ಲಿ ಹಾಲಿದ್ದರೆ ಹಳೆಯ ಅಂಕಿ ಕೊಡುವುದು ನಿಂತಿತು. ಬದಲಿಗೆ ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ "ಕಪ್ ಬರಿದು ಮಾಡಿ" ಎಂದು ಬರುವಂತಾಯಿತು. ಎರಡು ದಿನಕ್ಕೆ ಚಂದ್ರಮ್ಮನ ಫೋನು. ಎಲ್ಲ ಚೆನ್ನಾಗಿದೆ, ಆದರೆ ಬೆಳಬೆಳಿಗ್ಗೆ ಬರಿದು ಅನ್ನೋ ಮಾತು ಬೇಡ ಅಕ್ಕ, ಬೇರೆ ಏನಾದರೂ ಹಾಕಿಕೊಡಿ. ಗಿರಿಜಕ್ಕ ನಗಲಿಲ್ಲ. "ಮಾತು ಕೇಳೋರಿಗೆ ಹಿತವಾಗೂ ಇರ್ಬೇಕು, ನಿಜವಾಗೂ ಇರ್ಬೇಕು. ಎಲ್ಲಿ, ಕತ್ತರಿಸ್ರೀ," ಎಂದು ನನ್ನನ್ನು ಕೂರಿಸಿದರು. "ಕಪ್ ತೊಳೆದು ಹಾಲು ಹುಯ್ಯಿರಿ" ಎಂದು ಬರೆದುಕೊಟ್ಟೆ. ನನ್ನ ಒಂದು ಸಾಲು ಅಷ್ಟು ಜನ ದಿನಾಲೂ ಓದುತ್ತಾರೆಂದು ನೆನೆದಾಗ ಈಗಲೂ ಒಳಗೆ ಸ್ವಲ್ಪ ಬೆಚ್ಚಗಾಗುತ್ತದೆ.

ಅವರ ಆ ಗುಣ ನನಗೂ ಅಂಟಿತು. ಮಗಳು ಹಾಸ್ಟೆಲಿನಿಂದ ಫೋನು ಮಾಡಿ "ಏನೋ ಬೇಜಾರು ಅಮ್ಮ" ಎಂದರೆ, ಹೊಂದಿಕೊಂಡು ಹೋಗು ಎಂದು ಹೇಳಿ ಇಡುವುದಿಲ್ಲ. ಎಲ್ಲಿ, ಯಾವಾಗಿನಿಂದ, ಯಾರು ಏನಂದರು ಎಂದು ಕೇಳುತ್ತೇನೆ. ಹೇಳುತ್ತಾ ಹೇಳುತ್ತಾ ಅವಳಿಗೇ ದಾರಿ ಕಾಣುತ್ತದೆ.

ಡಾಕ್ಟರಿಗೆ ಮತ್ತೆ ವರ್ಗವಾಯಿತು, ಈ ಸಲ ದೂರದ ಬಯಲುಸೀಮೆಗೆ. ಲಾರಿ ಸಿಕ್ಕಿದ್ದು ಒಂದು ಶುಕ್ರವಾರ. ನಮ್ಮತ್ತೆ ಗೋಡೆಯ ಹತ್ತಿರ ನಿಂತು, ಶುಕ್ರವಾರ ಯಾರಾದರೂ ಮನೆ ಬರಿದು ಮಾಡುತ್ತಾರಾ ಎಂದು ಬೆಳಗಿನಿಂದ ಗೊಣಗುತ್ತಲೇ ಇದ್ದರು. ಗಿರಿಜಕ್ಕ ತಮ್ಮ ಪಾಡಿಗೆ ಮಾನಿಟರಿಗೆ ಕೌದಿ ಸುತ್ತುತ್ತಿದ್ದರು. ಮೇಜು ಲಾರಿ ಹತ್ತಿದಾಗ ನಾನು ಮುಖ ಆ ಕಡೆ ತಿರುಗಿಸಿದೆ.

"ಏನಾಯ್ತು ಲಲಿತಾ?" ಎಂದರು.

"ಏನಿಲ್ಲ. ಏನೋ ಒಂಥರಾ."

ಅವರು ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ, ಬಾಗಿಲ ಚೌಕಟ್ಟಿಗೆ ಒರಗಿ, ಕಾದರು. ಹಮಾಲಿಗಳು ಕೂಗುತ್ತಿದ್ದರೂ ಕಾದರು. ನಾನು ಹೇಳಲೇಬೇಕಾಯಿತು. ನಾಳೆ ಗೋಡೆಯ ಆ ಕಡೆಯಿಂದ ಕಾಫಿ ಆಯ್ತೇನ್ರೀ ಎಂದು ಯಾರೂ ಕೇಳುವುದಿಲ್ಲ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತೇನೆ. ಅದನ್ನು ನೆನೆಸಿಕೊಂಡರೆ ಇಲ್ಲಿ, ಎಂದು ಗಂಟಲು ಮುಟ್ಟಿ ತೋರಿಸಿದೆ.

"ನಂಗೂ ಅಲ್ಲೇ ಕಣ್ರೀ," ಎಂದರು ಗಿರಿಜಕ್ಕ.

ಜೀಪು ಲಾರಿಯ ಹಿಂದೆ ತಿರುವಿನಲ್ಲಿ ಮರೆಯಾಯಿತು. ಮನೆಯ ಯಜಮಾನರಿಗೆ ಒಪ್ಪಿಸಲೆಂದು ಬೀಗದ ಕೈಯನ್ನು ನನ್ನಲ್ಲೇ ಬಿಟ್ಟಿದ್ದರು. ಒಂದು ಸಲ ಗುಡಿಸಿ ಬಿಡೋಣವೆಂದು ಪೊರಕೆ ಹಿಡಿದು ಒಳಗೆ ಹೋದೆ. ಗೋಡೆಯ ಮೇಲೆ ಮೇಜು ಉಜ್ಜಿದ ಗೆರೆ, ನೆಲದಲ್ಲಿ ಒಂದು ಒಣಗಿದ ಅವರೆಸಿಪ್ಪೆ. ಅಡುಗೆಮನೆಯನ್ನು ತೊಳೆದು ಒರೆಸಿದ್ದರು, ಗೋಡೆಯಲ್ಲಿ ಒಂದು ಮೊಳೆಯನ್ನೂ ಬಿಟ್ಟಿರಲಿಲ್ಲ. ಕಟ್ಟೆಯ ಮೇಲೆ, ನಾನು ದಿನಾಲೂ ಕಾಫಿ ಕುಡಿಯುತ್ತಿದ್ದ ಸ್ಟೀಲಿನ ಲೋಟವೊಂದು ಮಾತ್ರ ಇತ್ತು. ಅದರ ತಳದಲ್ಲಿ ಒಂದು ಗುಟುಕು ಹಾಲು.